ಆರ್‌ಎಕ್ಸ್ 100 ರಿಪೇರಿ: ಮೊದಲು ಬ್ರೇಕ್, ಆಮೇಲೆ ಎಂಜಿನ್

ಗಾಡಿ 1992ರ ಯಮಹಾ ಆರ್‌ಎಕ್ಸ್ 100. ನಮ್ಮ ಚಿಕ್ಕಪ್ಪನದು. ಹನುಮಂತನಗರದ ಮನೆಯ ಮೆಟ್ಟಿಲ ಕೆಳಗೆ ಹಳೇ ಫ್ಲೆಕ್ಸ್ ಹೊದ್ದುಕೊಂಡು ವರ್ಷಗಟ್ಟಲೆ ನಿಂತಿತ್ತು. ಟೈರ್ ಎರಡೂ ನೆಲ ಕಚ್ಚಿದ್ದವು. ಕಿಕ್ಕರ್ ಒತ್ತಿದರೆ ಒಂದಿಂಚೂ ಇಳಿಯುತ್ತಿರಲಿಲ್ಲ. ಟ್ಯಾಂಕಿನ ಮುಚ್ಚಳ ತೆಗೆದರೆ ಪೆಟ್ರೋಲ್ ವಾಸನೆ ಇಲ್ಲ, ಹಳೇ ವಾರ್ನಿಷ್ ವಾಸನೆ. ಸೀಟಿನೊಳಗೆ ಇಲಿಗಳು ಸಂಸಾರ ಹೂಡಿ ಖಾಲಿ ಮಾಡಿಕೊಂಡು ಹೋಗಿದ್ದವು. "ಗುಜರಿಗೆ ಹಾಕ್ಬಿಡ್ರೀ" ಅಂತ ಚಿಕ್ಕಮ್ಮ, "ಅದನ್ನ ಮುಟ್ಟಬೇಡ" ಅಂತ ಚಿಕ್ಕಪ್ಪ. ಇಬ್ಬರ ಜಗಳದ ನಡುವೆ ಅದು ನನ್ನ ಪಾಲಿಗೆ ಬಂತು.

ಗೊತ್ತಿಲ್ಲದವರಿಗೆ ಎರಡು ಮಾತು. ಈ ಗಾಡಿ ಮಾರುಕಟ್ಟೆಗೆ ಬಂದದ್ದು 1985ರಲ್ಲಿ, ನಿಂತದ್ದು 1996ರಲ್ಲಿ. ಎಸ್ಕಾರ್ಟ್ಸ್ ಕಂಪನಿ ಯಮಹಾ ಜೊತೆ ಸೇರಿ ಮಾಡುತ್ತಿತ್ತು. ಬೋರ್ (ಸಿಲಿಂಡರಿನ ಅಗಲ) 50 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 50 ಮಿ.ಮೀ., ಒಟ್ಟು 98 ಸಿಸಿ. ಟೂ ಸ್ಟ್ರೋಕ್, ನಾಲ್ಕು ಗೇರ್, 11 ಹಾರ್ಸ್‌ಪವರ್. ತೂಕ 100 ಕೆ.ಜಿ. ಚಿಲ್ಲರೆ. ಇಷ್ಟು ಹಗುರದ ಗಾಡಿಗೆ ಅಷ್ಟು ಶಕ್ತಿ ಇದ್ದದ್ದಕ್ಕೇ ಆಗಿನ ಹುಡುಗರು ಹುಚ್ಚರಾದದ್ದು, ಈಗಿನವರೂ ಆಗುತ್ತಿರುವುದು. ಎಲ್ಲರೂ ಇದನ್ನು ವಿಂಟೇಜ್ ಅಂತಾರೆ. ಕಾನೂನಿನ ಲೆಕ್ಕದಲ್ಲಿ ಅಲ್ಲ. 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಗೆ ಮಾತ್ರ ಆ ಪಟ್ಟ, ಅದಕ್ಕೆ 'ವಿಎ' ಅಂತ ಬೇರೆ ನಂಬರ್ ಪ್ಲೇಟ್. ನಮ್ಮದು ಬರೀ ಹಳೇ ಗಾಡಿ, ಅಷ್ಟೇ.

ನನ್ನ ಜೊತೆ ಕೈ ಕಪ್ಪು ಮಾಡಿಕೊಂಡವಳು ಅಕ್ಕನ ಮಗಳು. ಕಾಲೇಜು ಹುಡುಗಿ, ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಮಾಡಿಸಿ ಜೇಬಿನಲ್ಲಿಟ್ಟುಕೊಂಡಿದ್ದಳು. "ಮಾಮ, ಇದು ರೆಡಿ ಆದ್ಮೇಲೆ ಇದ್ರಲ್ಲೇ ಕಲ್ತ್ಕೋತೀನಿ" ಅಂತ ಮೊದಲ ದಿನವೇ ಹೇಳಿಬಿಟ್ಟಳು. "ಮೊದ್ಲು ಸ್ಪ್ಯಾನರ್ ಹಿಡಿಯೋದು ಕಲಿ, ಆಮೇಲೆ ನೋಡೋಣ" ಅಂದೆ. ಆ ಮಾತು ಎಲ್ಲಿಗೆ ಹೋಯಿತು ಅಂತ ಮುಂದೆ ಹೇಳುತ್ತೇನೆ.

ಮೊದಲು ನಿಲ್ಲಬೇಕು

ಹಳೇ ಗಾಡಿ ಸಿಕ್ಕಿದ ಕೂಡಲೇ ಎಲ್ಲರೂ ಎಂಜಿನ್ನಿಗೆ ಕೈ ಹಾಕುತ್ತಾರೆ. ಇಲ್ಲಾ ಬಣ್ಣಕ್ಕೆ. ಎಂಜಿನ್ ಸ್ಟಾರ್ಟ್ ಆದ ವಿಡಿಯೋ ಸ್ಟೇಟಸ್ಸಿಗೆ ಹಾಕಿದ ಮೇಲೆ ಬ್ರೇಕ್ ಬಿಚ್ಚೋ ತಾಳ್ಮೆ ಯಾರಿಗೂ ಉಳಿಯಲ್ಲ. 'ಸದ್ಯಕ್ಕೆ ಹಿಡಿಯುತ್ತೆ' ಅಂತ ಹಾಗೇ ರಸ್ತೆಗೆ ಇಳಿಸುತ್ತಾರೆ. ಅದಕ್ಕೇ ನಾನು ಉಲ್ಟಾ ಹೋದೆ. ಚಕ್ರ, ಬ್ರೇಕ್, ಸ್ಟೀರಿಂಗ್, ಫೋರ್ಕ್ ಮುಗಿಯುವವರೆಗೆ ಎಂಜಿನ್ ಮುಟ್ಟಲಿಲ್ಲ.

ಇದರಲ್ಲಿ ಮುಂದೂ ಡ್ರಮ್, ಹಿಂದೂ ಡ್ರಮ್. ಚಕ್ರ ಬಿಚ್ಚಿದಾಗ ಡ್ರಮ್ಮಿನೊಳಗೆ ಸೇರಿಕೊಂಡಿದ್ದ ಕಪ್ಪು ಪುಡಿಯನ್ನು ಊದಬೇಡಿ. ಏರ್ ಹೊಡೆಯಲೂ ಬೇಡಿ. ಆ ಕಾಲದ ಲೈನರ್‌ಗಳಲ್ಲಿ (ಬ್ರೇಕ್ ಶೂ ಮೇಲೆ ಅಂಟಿಸಿರುವ, ಡ್ರಮ್ಮಿಗೆ ಉಜ್ಜುವ ಪಟ್ಟಿ) ಆಸ್ಬೆಸ್ಟಾಸ್ ಇರುತ್ತಿತ್ತು, ಶ್ವಾಸಕೋಶಕ್ಕೆ ಹೋದರೆ ಕೆಟ್ಟದ್ದು. ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿಗೆ ಹಾಕಿ ಕಟ್ಟಿ ಬಿಸಾಡಿದೆವು.

ಶೂಗಳಲ್ಲಿ ಲೈನರ್ ಇನ್ನೂ ದಪ್ಪ ಇತ್ತು. ನೋಡಿದರೆ 'ನಡೆಯುತ್ತೆ' ಅನ್ನಿಸುತ್ತೆ. ಆದರೆ ಮೇಲ್ಮೈ ಗಾಜಾಗಿ ಹೊಳೆಯುತ್ತಿತ್ತು, ಉಗುರಿನಲ್ಲಿ ಕೆರೆದರೆ ಅಂಚಿನಿಂದ ಹಪ್ಪಳವಾಗಿ ಏಳುತ್ತಿತ್ತು. ಅಂಟು ಸತ್ತಿದೆ ಅಂತ ಅರ್ಥ. ಲೈನರ್ ಕಿತ್ತು ಡ್ರಮ್ಮಿಗೂ ಶೂಗೂ ನಡುವೆ ಸಿಕ್ಕಿಕೊಂಡರೆ ಚಕ್ರ ಅಲ್ಲೇ ಲಾಕ್. ಶೂ, ಸ್ಪ್ರಿಂಗ್ ಎಲ್ಲ ಹೊಸದು ಹಾಕಿದೆ. ಶೂಗಳನ್ನು ಅಗಲಿಸುವ ಬ್ರೇಕ್ ಕ್ಯಾಮ್ ಅದರ ತೂತಿನಲ್ಲಿ ತುಕ್ಕು ಹಿಡಿದು ಕೂತಿತ್ತು. ತೆಗೆದು, ಸಣ್ಣ ಎಮರಿ ಪೇಪರಿನಲ್ಲಿ ಉಜ್ಜಿ, ಬೆರಳ ತುದಿಯಲ್ಲಿ ಹತ್ತುವಷ್ಟೇ ಗ್ರೀಸ್ ಸವರಿದೆ. ಜಾಸ್ತಿ ಹಚ್ಚಿದರೆ ಬಿಸಿಗೆ ಕರಗಿ ಲೈನರಿಗೆ ಇಳಿಯುತ್ತೆ.

ಜೋಡಿಸುವಾಗ ಒಂದು ಸಣ್ಣ ಕೆಲಸ ಬಹಳ ಜನ ಬಿಟ್ಟುಬಿಡುತ್ತಾರೆ. ಆ್ಯಕ್ಸಲ್ ನಟ್ ಪೂರ್ತಿ ಬಿಗಿ ಮಾಡುವ ಮುಂಚೆ ಚಕ್ರ ತಿರುಗಿಸಿ ಬ್ರೇಕ್ ಲಿವರ್ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಹಿಡಿದುಕೊಂಡೇ ನಟ್ ಬಿಗಿ ಮಾಡಬೇಕು. ಆಗ ಎರಡೂ ಶೂ ಡ್ರಮ್ಮಿನ ನಡುಮಧ್ಯೆ ಕೂರುತ್ತವೆ. ನಾನು ಬಿಗಿ ಮಾಡುತ್ತಾ ಇದ್ದೆ, ಹುಡುಗಿ ಲಿವರ್ ಹಿಡಿದಿದ್ದಳು. ಅದಕ್ಕೂ ಮುಂಚೆ ಹಿಡಿದದ್ದಕ್ಕೂ ಆಮೇಲೆ ಹಿಡಿದದ್ದಕ್ಕೂ ಲಿವರಿನಲ್ಲಿ ಇರುವ ವ್ಯತ್ಯಾಸ ಅವಳ ಕೈಗೇ ಗೊತ್ತಾಯಿತು. ಇನ್ನೊಂದು, ಬ್ರೇಕ್ ಹಿಡಿದಾಗ ಡ್ರಮ್ ಮೇಲಿನ ತೋಳಿಗೂ ಕೇಬಲ್ಲಿಗೂ ನಡುವೆ ಹೆಚ್ಚುಕಡಿಮೆ 90 ಡಿಗ್ರಿ ಕೋನ ಇರಬೇಕು. ಅದಕ್ಕಿಂತ ಜಾಸ್ತಿ ತಿರುಗಿ ಹೋಗಿದ್ದರೆ ಎಷ್ಟು ಎಳೆದರೂ ಬಲ ಸಿಗಲ್ಲ.

ಮುಂದಿನ ಬ್ರೇಕ್ ಕೇಬಲ್ ಹೊರಗಿಂದ ಚೆನ್ನಾಗಿತ್ತು. ಲಿವರ್ ಕಡೆಯ ತುದಿ ಬಿಚ್ಚಿ ನೋಡಿದರೆ ನಿಪ್ಪಲ್ (ತುದಿಯ ಗುಂಡು) ಹತ್ತಿರ ಅರ್ಧಕ್ಕರ್ಧ ಎಳೆ ತುಂಡಾಗಿದ್ದವು. ಹಳೇ ಗಾಡಿ ತಗೊಂಡವರು ಬೇರೇನೂ ಮಾಡದಿದ್ದರೂ ಕ್ಲಚ್, ಬ್ರೇಕ್, ಆಕ್ಸಿಲರೇಟರ್ ಕೇಬಲ್ಲುಗಳನ್ನಾದರೂ ಹೊಸದು ಹಾಕಿಸಿ.

ಟೈರಿನ ಗುಂಡಿ ಆಳ ಇತ್ತು, ಆದರೂ ಎಸೆದೆ. ಟೈರ್ ಪಕ್ಕದಲ್ಲಿ 'ಡಿಓಟಿ' ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 2309 ಅಂತಿದ್ದರೆ 2009ರ 23ನೇ ವಾರ. ರಬ್ಬರ್ ಒಣಗಿ ಗಟ್ಟಿಯಾದ ಟೈರ್ ಮಳೆ ಬಿದ್ದ ಬೆಂಗಳೂರು ರಸ್ತೆಯಲ್ಲಿ ಹಿಡಿತ ಕೊಡಲ್ಲ.

ಹ್ಯಾಂಡಲ್ ತಿರುಗಿಸಿದರೆ ನೇರಕ್ಕೆ ಬಂದಾಗ 'ಟಕ್' ಅಂತ ಕಚ್ಚಿಕೊಳ್ಳುತ್ತಿತ್ತು. ಬಾಲ್ ರೇಸರ್ (ಹ್ಯಾಂಡಲ್ ತಿರುಗುವ ಬೇರಿಂಗ್) ಹೋಗಿದೆ ಅನ್ನೋದಕ್ಕೆ ಇದೇ ಗುರುತು. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಗುಂಡುಗಳು ಕೂತು ಗುಂಡಿ ಮಾಡಿರುತ್ತವೆ. ಗಾಡಿ ತಾನಾಗಿ ನೇರ ಹೋಗಲು ಬಿಡಲ್ಲ, ನಿಧಾನದಲ್ಲಿ ಹಾವಿನಂತೆ ಹೊರಳುತ್ತೆ. ಕಿಟ್ ಜೆ.ಸಿ. ರಸ್ತೆಯಲ್ಲಿ ಸಿಕ್ಕಿತು.

ಫೋರ್ಕ್ ಪೈಪ್ ಬೆಂಡ್ ಆಗಿದೆಯಾ ಅಂತ ನೋಡಲು ಮಟ್ಟಸವಾದ ಕಲ್ಲು ಬೇಕು. ಅಕ್ಕ ಮನೆಯಲ್ಲಿಲ್ಲದ ಹೊತ್ತು ನೋಡಿ ಅಡುಗೆಮನೆ ಗ್ರಾನೈಟ್ ಕಟ್ಟೆಯ ಮೇಲೆ ಉರುಳಿಸಿದೆವು. ಒಂದು ಪೈಪ್ ಸಲೀಸಾಗಿ ಉರುಳಿತು. ಇನ್ನೊಂದರ ಕೆಳಗೆ ಬೆಳಕು ಬಂದು ಹೋಗಿ ಮಾಡುತ್ತಿತ್ತು. ಅದನ್ನು ಪ್ರೆಸ್ಸಿನಲ್ಲಿ ನೇರ ಮಾಡಿಸಿ, ಹೊಸ ಆಯಿಲ್ ಸೀಲ್ ಹಾಕಿದೆ. ರಿಮ್ಮುಗಳ ಔಟ್ (ಸೊಟ್ಟ) ತೆಗೆಸಿದ್ದು ಹಳೇ ಸೈಕಲ್ ಅಂಗಡಿಯಲ್ಲಿ. ಈ ಕೆಲಸ ಗೊತ್ತಿರುವವರು ಕಡಿಮೆಯಾಗುತ್ತಿದ್ದಾರೆ. ಒಂದೊಂದೇ ಸ್ಪೋಕನ್ನು ಬೆರಳಲ್ಲಿ ಮೀಟಿ ಶಬ್ದ ಕೇಳಿ ಬಿಗಿ ಮಾಡುವ ಹಿರಿಯರು ಸಿಕ್ಕರೆ ಬಿಡಬೇಡಿ.

ಪಿಸ್ಟನ್ ಮೇಲೆ ಬರೆದಿದ್ದ ಕಥೆ

ಈಗ ಎಂಜಿನ್. ಪ್ಲಗ್ ಬಿಚ್ಚಿ, ಡೀಸೆಲ್ ಮತ್ತು ಟೂ ಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್ ಆಯಿಲ್) ಸಮ ಸಮ ಬೆರೆಸಿ ತೂತಿನಿಂದ ಒಳಗೆ ಬಿಟ್ಟೆ. ರಾತ್ರಿಯೆಲ್ಲ ಹಾಗೇ ಇರಲಿ ಅಂತ ಬಿಟ್ಟು, ಬೆಳಗ್ಗೆ ಮ್ಯಾಗ್ನೆಟ್ (ಕರೆಂಟ್ ಹುಟ್ಟಿಸುವ ಚಕ್ರ) ನಟ್ಟಿಗೆ ಸ್ಪ್ಯಾನರ್ ಹಾಕಿ ಕೂದಲೆಳೆಯಷ್ಟು ಆ ಕಡೆ, ಈ ಕಡೆ. ಕಿಕ್ಕರ್ ಮೇಲೆ ಎಗರಿ ಬಿಡಿಸಲು ಹೋದರೆ ಕಿಕ್ ಗೇರ್ ಹಲ್ಲು ಹೋಗುತ್ತೆ. ನಿಧಾನಕ್ಕೆ ಬಿಟ್ಟುಕೊಂಡಿತು.

ಹೆಡ್, ಬ್ಲಾಕ್ ಎತ್ತಿದ ಮೇಲೆ ಪಿಸ್ಟನ್ ಕೈಗೆ ಬಂತು. ಗಾಡಿ ಯಾಕೆ ನಿಂತಿತ್ತು ಅನ್ನೋದು ಅದರ ಮೈಮೇಲೇ ಇತ್ತು. ಸೈಲೆನ್ಸರ್ ಕಡೆಯ ಮೈ ಪೂರ್ತಿ ಉದ್ದುದ್ದ ಗೀರು. ಅಲ್ಯೂಮಿನಿಯಂ ಕರಗಿ ಸವರಿಕೊಂಡು ಕೆಳಗಿನ ರಿಂಗನ್ನು ಅದು ಕೂರುವ ತೋಡಿನೊಳಗೇ ಹೂತುಬಿಟ್ಟಿತ್ತು. ಕಾರ್ಬುರೇಟರ್ ಕಡೆಯ ಮೈ ಮಾತ್ರ ಚೊಕ್ಕ. ನೆತ್ತಿ ಮೇಲಿನ ಕಾರ್ಬನ್ ಕೆರೆದರೆ 50 ಅಂತ ಮುದ್ರೆ ಕಂಡಿತು. ಅಂದರೆ ಹಿಂದೆ ಯಾವಾಗಲೋ 0.50 ಓವರ್‌ಸೈಜ್ ಬೋರ್ ಆಗಿದೆ, ಸಿಲಿಂಡರನ್ನು 0.50 ಮಿ.ಮೀ. ಅಗಲ ಕೊರೆದು ಅಷ್ಟೇ ದಪ್ಪದ ಪಿಸ್ಟನ್ ಹಾಕಿದ್ದಾರೆ.

ಸೈಲೆನ್ಸರ್ ಕಡೆ ಮಾತ್ರ ಹೀಗೆ ಹಿಡಿದಿದ್ದರೆ ಸಾಮಾನ್ಯವಾಗಿ ಎರಡು ಕಾರಣ. ಆಯಿಲ್ ಸಾಲದೆ ಹೋಗಿರಬೇಕು, ಇಲ್ಲಾ ಪೆಟ್ರೋಲಿನ ಲೆಕ್ಕಕ್ಕೆ ಗಾಳಿ ಜಾಸ್ತಿ ಹೋಗಿ ಎಂಜಿನ್ ಕಾದಿರಬೇಕು. ಚಿಕ್ಕಪ್ಪನನ್ನು ಕೇಳಿದೆ. "ಆಯಿಲ್ ಯಾವತ್ತೂ ಖಾಲಿ ಆಗೋಕೆ ಬಿಟ್ಟಿಲ್ಲ ಕಣೋ. ಆದ್ರೆ ಕೊನೆಕೊನೆಗೆ ಸಿಗ್ನಲ್ಲಲ್ಲಿ ನಿಂತಾಗ ರೇಸು ತಾನೇ ತಾನಾಗಿ ಏರ್ತಿತ್ತು" ಅಂದರು.

ಆ ಒಂದು ಮಾತು ಸಾಕಾಯಿತು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಮೊದಲು ಪಿಸ್ಟನ್ನಿನ ಕೆಳಗೆ, ಕ್ರ್ಯಾಂಕ್ (ಪಿಸ್ಟನ್ನಿನ ಓಟವನ್ನು ತಿರುಗಾಟ ಮಾಡುವ ದಂಡ) ತಿರುಗುವ ಕೋಣೆಗೇ ಹೋಗುತ್ತೆ. ಆ ಕೋಣೆ ಗಾಳಿ ಆಡದ ಹಾಗೆ ಮುಚ್ಚಿರಬೇಕು. ಕ್ರ್ಯಾಂಕಿನ ಎರಡೂ ತುದಿಗೆ ಒಂದೊಂದು ರಬ್ಬರ್ ಸೀಲ್ ಇರುತ್ತೆ. ಬಲಗಡೆ ಕ್ಲಚ್ ಬದಿಯ ಸೀಲ್ ಹೋದರೆ ಗೇರ್‌ಬಾಕ್ಸಿನ ಆಯಿಲ್ ಒಳಗೆ ಎಳೆದುಕೊಳ್ಳುತ್ತೆ. ಹೊಗೆ ದಂಡಿಯಾಗಿ ಬರುತ್ತೆ, ಗೇರ್ ಆಯಿಲ್ ಕಡಿಮೆಯಾಗುತ್ತೆ, ಕಣ್ಣಿಗೆ ಕಾಣುತ್ತೆ. ಎಡಗಡೆ ಮ್ಯಾಗ್ನೆಟ್ ಬದಿಯ ಸೀಲ್ ಹೋದರೆ ಬರೀ ಗಾಳಿ ಎಳೆದುಕೊಳ್ಳುತ್ತೆ. ಹೊಗೆ ಇಲ್ಲ, ಸೋರಿಕೆ ಇಲ್ಲ. ರೇಸು ತಾನಾಗಿ ಏರುತ್ತೆ, ಗಾಡಿ 'ಚೆನ್ನಾಗಿ ಓಡ್ತಿದೆ' ಅನ್ನಿಸುತ್ತೆ, ಒಂದು ದಿನ ಪಿಸ್ಟನ್ ಹಿಡಿದುಕೊಳ್ಳುತ್ತೆ. ಮ್ಯಾಗ್ನೆಟ್ ಬಿಚ್ಚಿ ಸೀಲ್ ತೆಗೆದರೆ ತುಟಿ ಗಟ್ಟಿಯಾಗಿ ಮಡಚಿದ ಕಡೆಯೆಲ್ಲ ಬಿರಿದಿತ್ತು.

ಇದನ್ನು ನೋಡದೆ ಬರೀ ಪಿಸ್ಟನ್ ಹಾಕಿ ಕಳಿಸಿದ್ದರೆ ಹೊಸ ಪಿಸ್ಟನ್ನೂ ಅದೇ ದಾರಿ ಹಿಡಿಯುತ್ತಿತ್ತು. ಟೂ ಸ್ಟ್ರೋಕ್ ಸೀಜ್ ಆದಾಗ 'ಯಾಕೆ ಆಯ್ತು' ಅಂತ ಕೇಳದ ಮೆಕಾನಿಕ್ಕಿನ ಹತ್ತಿರ ಗಾಡಿ ಬಿಡಬೇಡಿ.

ಎಂಜಿನ್ ಪೂರ್ತಿ ಬಿಚ್ಚಿದ್ದು ನಮ್ಮ ಬೀದಿಯ ಹಳೇ ಮೆಕಾನಿಕ್. ಎಲ್ಲರೂ ಭಾಯ್ ಅಂತಲೇ ಕರೆಯೋದು. ಕನೆಕ್ಟಿಂಗ್ ರಾಡನ್ನು ಮೇಲೆ ಕೆಳಗೆ ಎಳೆದು ನೋಡಿದರು. ಅಲ್ಲಾಡಲಿಲ್ಲ. ಪಕ್ಕಕ್ಕೆ ಸ್ವಲ್ಪ ಆಟ ಇತ್ತು, ಅದು ಇರಲೇಬೇಕು. "ರಾಡ್ ಗಟ್ಟಿ ಇದೆ ಸಾರ್, ಸುಮ್ನೆ ದುಡ್ಡು ಹಾಕ್ಬೇಡಿ" ಅಂದರು. ಕ್ರ್ಯಾಂಕ್ ಬೇರಿಂಗ್ ಮತ್ತು ಎರಡೂ ಸೀಲ್ ಮಾತ್ರ ಹೊಸದು. ಬೇರಿಂಗನ್ನು ಎಸ್.ಜೆ.ಪಿ. ರಸ್ತೆಯಲ್ಲಿ ಹೆಸರಿರುವ ಕಂಪನಿಯದ್ದೇ ತಂದೆ.

ಬೋರ್ 0.75ಕ್ಕೆ ಹೋಯಿತು. ಇನ್ನು ಉಳಿದದ್ದು 1.00 ಒಂದೇ, ಆಮೇಲೆ ಹೊಸ ಸ್ಲೀವ್. ಲೇತ್ ಅಂಗಡಿಗೆ ಪಿಸ್ಟನ್ ಕೊಂಡುಹೋಗಿ ಕೊಟ್ಟು, ಅದನ್ನು ಅಳೆದೇ ಬೋರ್ ಮಾಡಿಸಬೇಕು. ಪಿಸ್ಟನ್ನಿಗೂ ಬೋರಿಗೂ ನಡುವೆ 0.04 ಮಿ.ಮೀ. ಆಸುಪಾಸು ಸಂದು ಇರಬೇಕು. ಬಿಗಿಯಾದರೆ ಮತ್ತೆ ಹಿಡಿಯುತ್ತೆ, ಸಡಿಲವಾದರೆ ತಣ್ಣಗಿರುವಾಗ ಟಕಟಕ ಬಡಿಯುತ್ತೆ. ಇನ್ನೊಂದು ಮಾತು ಕೇಳಿಯೇ ಬನ್ನಿ: ಪೋರ್ಟುಗಳ (ಸಿಲಿಂಡರ್ ಗೋಡೆಯ ಕಿಂಡಿಗಳ) ಅಂಚಿನ ಚೂಪು ಮುರಿದಿದ್ದೀರಾ ಅಂತ. ಬೋರ್ ಮಾಡಿದ ಮೇಲೆ ಆ ಕಿಂಡಿಗಳ ಅಂಚು ಬ್ಲೇಡಿನಷ್ಟು ಚೂಪಾಗಿರುತ್ತೆ. ರಿಂಗ್ ಪ್ರತಿ ಸುತ್ತಿಗೂ ಅದರ ಮೇಲೆ ಹಾದು ಹೋಗಬೇಕು, ಸಿಕ್ಕಿಕೊಂಡರೆ ಮುರಿಯುತ್ತೆ. ನಮ್ಮ ಲೇತಿನವರು ಸಣ್ಣ ಅರದಲ್ಲಿ ಒಂದೊಂದೇ ಅಂಚನ್ನು ಸವರಿ, ಅದರ ಮೇಲೆ ಹೆಬ್ಬೆರಳು ಆಡಿಸಿ ತೋರಿಸಿದರು.

ಜೋಡಿಸುವಾಗ ಪಿಸ್ಟನ್ ಮೇಲಿನ ಬಾಣ ಸೈಲೆನ್ಸರ್ ಕಡೆಗೆ. ರಿಂಗಿನ ಬಾಯಿ ಅದರ ತೋಡಿನಲ್ಲಿರುವ ಸಣ್ಣ ಪಿನ್ನಿಗೆ ಸರಿಯಾಗಿ ಕೂರಬೇಕು. ಪಿಸ್ಟನ್ನನ್ನು ರಾಡಿಗೆ ಸೇರಿಸುವ ಪಿನ್ನಿನ ಲಾಕ್ ಹಾಕುವಾಗ ಕೆಳಗಿನ ತೆರೆದ ಬಾಯಿಗೆ ಬಟ್ಟೆ ತುರುಕಿ. ಲಾಕ್ ಎಗರಿ ಒಳಗೆ ಬಿದ್ದರೆ ಎಂಜಿನ್ ಮತ್ತೆ ಬಿಚ್ಚಬೇಕಾಗುತ್ತೆ. ಹಳೇ ಲಾಕನ್ನು ಮತ್ತೆ ಬಳಸಲೇಬಾರದು.

ಪೆಟ್ರೋಲ್, ಆಯಿಲ್, ತುಕ್ಕು

ಟ್ಯಾಂಕಿನ ತುಕ್ಕಿಗೆ ಕಿರಾಣಿ ಅಂಗಡಿಯ ನಿಂಬೆ ಉಪ್ಪೇ ಸಾಕು. ಬಿಸಿನೀರಿಗೆ ಕರಗಿಸಿ ಟ್ಯಾಂಕ್ ತುಂಬಿಸಿ ಒಂದು ದಿನ ಬಿಡಿ. ಜೊತೆಗೆ ಒಂದು ಹಿಡಿ ಸಣ್ಣ ನಟ್ಟು ಹಾಕಿ ಅಲ್ಲಾಡಿಸಿದರೆ ಪದರ ಎದ್ದು ಬರುತ್ತೆ. ಹಾಕುವ ಮುಂಚೆ ನಟ್ಟುಗಳನ್ನು ಎಣಿಸಿಕೊಳ್ಳಿ, ಅಷ್ಟೂ ಹೊರಗೆ ಬರಬೇಕು. ಆಮೇಲೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಕೂಡಲೇ ಒಳಗೆಲ್ಲ ಟೂ ಟಿ ಆಯಿಲ್ ಹೊರಳಿಸಬೇಕು. ಬರಿಗಬ್ಬಿಣವನ್ನು ಹಾಗೇ ಬಿಟ್ಟರೆ ಸಂಜೆಯೊಳಗೆ ಮತ್ತೆ ಕೆಂಪು.

ಕಾರ್ಬುರೇಟರಿನ ಸಣ್ಣ ಜೆಟ್ (ಪೆಟ್ರೋಲ್ ಹಾಯುವ ತೂತಿನ ಹಿತ್ತಾಳೆ ಸ್ಕ್ರೂ) ಪೂರ್ತಿ ಮುಚ್ಚಿತ್ತು. ಇದಕ್ಕೆ ಸೂಜಿ ಚುಚ್ಚುವುದು ನಮ್ಮಲ್ಲಿ ಮಾಮೂಲು. ಹಿತ್ತಾಳೆ ಮೆತ್ತಗಿರುತ್ತೆ, ತೂತು ಅಗಲ ಆದರೆ ಆ ಜೆಟ್ಟಿನ ಕಥೆ ಮುಗಿಯಿತು. ಕ್ಲೀನರಿನಲ್ಲಿ ನೆನೆಸಿ, ಕರೆಂಟ್ ವೈರಿನ ಒಂದೇ ಒಂದು ತಾಮ್ರದ ಎಳೆ ತೂರಿಸಿ, ಏರ್ ಹೊಡೆದೆ. ಪೆಟ್ರೋಲ್ ಪೈಪ್, ಕಾಕಿನ ವಾಷರ್, ಕಾರ್ಬುರೇಟರಿನ ರಬ್ಬರುಗಳೆಲ್ಲ ಬದಲಾಯಿಸಿದೆ. ಈಗ ಬಂಕುಗಳಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ಆ ಕಾಲದ ರಬ್ಬರ್ ಇದಕ್ಕೆ ಅಂತ ಮಾಡಿದ್ದಲ್ಲ. ಎಥನಾಲ್ ನೀರನ್ನೂ ಹೀರಿಕೊಳ್ಳುತ್ತೆ. ಹಾಗಾಗಿ ವಾರಗಟ್ಟಲೆ ನಿಲ್ಲಿಸುವ ಗಾಡಿಯಾದರೆ ಕಾಕ್ ಮುಚ್ಚಿ, ಕಾರ್ಬುರೇಟರಿನಲ್ಲಿರುವುದು ಖಾಲಿಯಾಗುವವರೆಗೆ ಓಡಿಸಿ ನಿಲ್ಲಿಸಿ.

ಆರ್‌ಎಕ್ಸ್‌ನಲ್ಲಿ ಆಯಿಲಿಗೆ ಬೇರೆ ಟ್ಯಾಂಕು, ಬೇರೆ ಪಂಪು. ಆಕ್ಸಿಲರೇಟರ್ ತಿರುಗಿಸಿದಷ್ಟೂ ಪಂಪ್ ಜಾಸ್ತಿ ಆಯಿಲ್ ಕೊಡುತ್ತೆ. ಬಹಳ ಗ್ಯಾರೇಜುಗಳಲ್ಲಿ ಇದನ್ನು ನಂಬದೆ ಕಿತ್ತುಹಾಕಿ ಪೆಟ್ರೋಲಿಗೇ ಆಯಿಲ್ ಬೆರೆಸಿ ಅಂತಾರೆ. ನಾನು ಉಳಿಸಿಕೊಂಡೆ. ಪಂಪಿನ ರಾಟೆಯ ಮೇಲಿನ ಗುರುತಿಗೆ ಕೇಬಲ್ ಹೊಂದಿಸಿ, ಪೈಪಿನಲ್ಲಿದ್ದ ಗಾಳಿಯನ್ನು ಅದರ ಸ್ಕ್ರೂ ಸಡಿಲಿಸಿ ಹೊರಗೆ ಬಿಟ್ಟೆ. ಆದರೂ ಮೊದಲ ಟ್ಯಾಂಕಿಗೆ ಲೀಟರಿಗೆ 30 ಎಂ.ಎಲ್. ಆಯಿಲ್ ಬೆರೆಸಿಯೇ ಹಾಕಿದೆ. ಪಂಪ್ ನಿಜವಾಗಿ ಕೆಲಸ ಮಾಡುತ್ತಿದೆ, ಆಯಿಲ್ ಟ್ಯಾಂಕಿನ ಮಟ್ಟ ಇಳಿಯುತ್ತಿದೆ ಅಂತ ಖಾತ್ರಿಯಾದ ಮೇಲೆ ಬರೀ ಪೆಟ್ರೋಲ್.

ವೈರಿಂಗನ್ನು ಇಲಿ ತಿಂದಿತ್ತು, ಹೊಸ ಸೆಟ್ ಹಾಕಿದೆವು. ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ಚಾಸಿಗೆ ಅರ್ತ್ ಕೊಡುವ ಜಾಗದಲ್ಲಿ ಬಣ್ಣ ಕೆರೆದು ಬರಿಗಬ್ಬಿಣ ಕಾಣಿಸಿದರೆ ಅರ್ಧ ತೊಂದರೆ ಕಳೆಯುತ್ತೆ.

ಬಿಡಿಭಾಗದ ಬಗ್ಗೆ ಒಂದು ಎಚ್ಚರಿಕೆ. ಆರ್‌ಎಕ್ಸ್ ಅಂದ ಕೂಡಲೇ ರೇಟು ಮೇಲಕ್ಕೆ ಹೋಗುತ್ತೆ, ಡೂಪ್ಲಿಕೇಟೂ ಜಾಸ್ತಿ. ಸೈಡ್ ಕವರ್, ಮೀಟರ್ ಬೌಲ್, ಗಾರ್ಡ್ ಇಂಥವನ್ನು ಶಿವಾಜಿನಗರದ ಗುಜರಿಯಲ್ಲೋ ಚಿಕ್ಕಪೇಟೆಯ ಸಂಡೇ ಬಜಾರಿನಲ್ಲೋ ಹುಡುಕಿ, ತಪ್ಪಿಲ್ಲ. ಆದರೆ ನಂಬರ್ ಕೆತ್ತಿರುವ ಎಂಜಿನ್ ಕೇಸ್, ಚಾಸಿ ಮಾತ್ರ ದಾಖಲೆ ಇಲ್ಲದೆ ಮುಟ್ಟಬೇಡಿ. ಕದ್ದ ಮಾಲಾಗಿದ್ದರೆ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತುವವರು ನೀವು.

ಬಣ್ಣ ಎಲ್ಲಕ್ಕಿಂತ ಕೊನೆಗೆ. ಕಪ್ಪು. ಪೀಕಾಕ್ ಬ್ಲೂ ಮಾಡಿಸೋಣ ಅಂತ ಹುಡುಗಿ ಹಟ ಹಿಡಿದಿದ್ದಳು, ಆರ್‌ಸಿಯಲ್ಲಿ ಕಪ್ಪು ಅಂತಲೇ ಇದೆ ಅಂತ ತೋರಿಸಿದ ಮೇಲೆ ಸುಮ್ಮನಾದಳು. ಬಣ್ಣಕ್ಕೆ ಆದ ಖರ್ಚು ಬೋರು, ಪಿಸ್ಟನ್ ಎರಡೂ ಸೇರಿದ್ದಕ್ಕಿಂತ ಜಾಸ್ತಿ!

ಸ್ಟಾರ್ಟ್ ಆಯಿತು. ಹೊಸ ಬೋರಿನ ಗಾಡಿಯನ್ನು ಮೊದಲ 500 ಕಿ.ಮೀ. ಪೂರ್ತಿ ಆಕ್ಸಿಲರೇಟರ್ ಕೊಡದೆ, ಒಂದೇ ವೇಗದಲ್ಲೂ ಎಳೆಯದೆ, ಏರಿಸಿ ಇಳಿಸಿ ಓಡಿಸಬೇಕು. ನಡುನಡುವೆ ಪ್ಲಗ್ ತೆಗೆದು ನೋಡಿದೆ. ಕಂದು ಬಣ್ಣ ಇದ್ದರೆ ಸರಿ. ಬಿಳಿ ಇದ್ದರೆ ಗಾಳಿ ಜಾಸ್ತಿ, ಅಲ್ಲೇ ನಿಲ್ಲಿಸಿ ಕಾರಣ ಹುಡುಕಬೇಕು.

"ಹಾಗಾದ್ರೆ ನಂಗೆ ಯಾವ್ದು?"

ಗಾಡಿ ರೆಡಿಯಾದ ಮೇಲೆ ಹುಡುಗಿ ಹೆಲ್ಮೆಟ್ ಹಾಕಿಕೊಂಡು ಬಂದು ನಿಂತಳು. ನಾನು ಕೀ ಕೊಡಲಿಲ್ಲ. ಅವಳಿಗೆ ಸಿಟ್ಟು ಬಂತು, ಬರಬೇಕಾದ್ದೇ. ಇಷ್ಟು ದಿನ ದುಡಿದಿದ್ದಾಳೆ.

ಕಾರಣ ಇಷ್ಟೇ. ಈ ಎಂಜಿನ್ ಕೆಳಗಿನ ರೇಸಿನಲ್ಲಿ ಸಾಧುವಾಗಿರುತ್ತೆ, ಸ್ವಲ್ಪ ಮೇಲೆ ಹೋದ ಕೂಡಲೇ ಇದ್ದಕ್ಕಿದ್ದಂತೆ ಎಳೆಯುತ್ತೆ. ಕ್ಲಚ್ ಬಿಡುವುದನ್ನೇ ಇನ್ನೂ ಕಲಿಯುತ್ತಿರುವ ಕೈಗೆ ಆ ಎಳೆತ ಗಾಬರಿ ತರಿಸುತ್ತೆ. ಗಾಬರಿಯಾದವರು ಹ್ಯಾಂಡಲ್ ಗಟ್ಟಿ ಹಿಡಿಯುತ್ತಾರೆ, ಆಕ್ಸಿಲರೇಟರ್ ಇನ್ನೂ ತಿರುಗುತ್ತೆ. ಎಂಜಿನ್ ಬ್ರೇಕಿಂಗ್ ಕೂಡ ಫೋರ್ ಸ್ಟ್ರೋಕಿನಷ್ಟು ಇಲ್ಲ. ಆಕ್ಸಿಲರೇಟರ್ ಬಿಟ್ಟರೂ ಗಾಡಿ ಜಾರಿಕೊಂಡು ಹೋಗುತ್ತೆ. ನಾವು ಎಷ್ಟೇ ಚೆನ್ನಾಗಿ ಹೊಂದಿಸಿದ್ದರೂ ಅದು 1980ರ ದಶಕದ ಡ್ರಮ್ ಬ್ರೇಕ್. ಸೆಲ್ಫ್ ಸ್ಟಾರ್ಟ್ ಇಲ್ಲ. ಮೈಸೂರು ಬ್ಯಾಂಕ್ ಸರ್ಕಲ್ಲಿನ ಸಿಗ್ನಲ್ಲಲ್ಲಿ ಆಫ್ ಆಗಿ, ಹಿಂದೆ ಬಿಎಂಟಿಸಿ ಬಸ್ಸು ಹಾರ್ನ್ ಹೊಡೆಯುತ್ತಿರುವಾಗ ಕಿಕ್ಕರ್ ಹುಡುಕುವುದು ಕಲಿಯುವವರಿಗೆ ಬೇಕಾದ ಪಾಠ ಅಲ್ಲ.

"ಹಾಗಾದ್ರೆ ನಂಗೆ ಯಾವ್ದು?" ಅಂದಳು. ಅಕ್ಕನ ಮಗ್ಗುಲಲ್ಲಿ ಕೂತಿದ್ದ ಭಾವ ಕೂಡಲೇ "ಹಂಟರ್ 350 ತಗೊಳ್ಳೋಣ, ಗಟ್ಟಿ ಗಾಡಿ" ಅಂದರು. ಆ ರಾಯಲ್ ಎನ್‌ಫೀಲ್ಡ್ ಗಾಡಿ 181 ಕೆ.ಜಿ. ಅದೇ ಕಂಪನಿಯ ಕ್ಲಾಸಿಕ್ 350 ಆದರೆ 195. ಓಡುತ್ತಿರುವಾಗ ತೂಕ ಗೊತ್ತಾಗಲ್ಲ. ಹನುಮಂತನಗರದ ಇಳಿಜಾರಿನಲ್ಲಿ ಪಾರ್ಕ್ ಮಾಡಿದ್ದನ್ನು ಹಿಂದಕ್ಕೆ ತಳ್ಳುವಾಗ, ಜಲ್ಲಿಕಲ್ಲಿನ ಮೇಲೆ ಒಂದು ಕಾಲು ಜಾರಿದಾಗ ಗೊತ್ತಾಗುತ್ತೆ. ಮೊದಲ ಗಾಡಿ ಒಂದೆರಡು ಸಲ ಬಿದ್ದೇ ಬೀಳುತ್ತೆ. ಬಿದ್ದದ್ದನ್ನು ತಾನೇ ಎತ್ತಿ ನಿಲ್ಲಿಸುವಷ್ಟು ಹಗುರ ಇರಬೇಕು ಅನ್ನೋದು ನನ್ನ ಮೊದಲ ಷರತ್ತು. ಎರಡನೆಯದು, ಸೀಟಿನಲ್ಲಿ ಕೂತಾಗ ಎರಡೂ ಪಾದ ನೆಲಕ್ಕೆ ಚೆನ್ನಾಗಿ ಊರಬೇಕು, ಬರೀ ಹೆಬ್ಬೆರಳು ಸಾಲದು. ನೋಟಕ್ಕೆ, ಸಿಸಿಗೆ ಆಮೇಲಿನ ಜಾಗ.

ಈ ಲೆಕ್ಕಕ್ಕೆ ನಿಲ್ಲುವುದು ನಮ್ಮ ಊರಿನ ಬೇಜಾರು ಹಿಡಿಸುವ 100, 125 ಸಿಸಿ ಗಾಡಿಗಳೇ. ಸ್ಪ್ಲೆಂಡರ್ 112 ಕೆ.ಜಿ., ಸೀಟಿನ ಎತ್ತರ 785 ಮಿ.ಮೀ. ಅದರ 97.2 ಸಿಸಿ ಎಂಜಿನ್ 1985ರ ಹೀರೋ ಹೋಂಡಾ ಸಿಡಿ 100 ಕಾಲದಿಂದ ಬಂದದ್ದು. ಯಾವ ಊರಿನ ಯಾವ ಮೆಕಾನಿಕ್ಕಿಗೂ ಕಣ್ಣು ಮುಚ್ಚಿ ಬಿಚ್ಚಲು ಬರುತ್ತೆ. ಹೋಂಡಾ ಶೈನ್ 100 ಇನ್ನೂ ಹಗುರ, 99 ಕೆ.ಜಿ. ಸ್ವಲ್ಪ ಚುರುಕು ಬೇಕು ಅಂದರೆ ಟಿವಿಎಸ್ ರೈಡರ್ 125. ಇವೆಲ್ಲದರಲ್ಲೂ 2019ರ ಏಪ್ರಿಲ್‌ನಿಂದ ಕಾಂಬಿ ಬ್ರೇಕ್ ಕಡ್ಡಾಯ, ಹಿಂದಿನ ಬ್ರೇಕ್ ತುಳಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತೆ. 125 ಸಿಸಿ ದಾಟಿದ ಗಾಡಿಗೆ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರಲೇಬೇಕು. ಕಲಿಯುವವರು ಗಾಬರಿಯಲ್ಲಿ ಕಾಲಿನ ಬ್ರೇಕನ್ನಷ್ಟೇ ತುಳಿಯುತ್ತಾರೆ. ಅಲ್ಲಿ ಕಾಂಬಿ ಬ್ರೇಕ್ ಕೆಲಸಕ್ಕೆ ಬರುತ್ತೆ.

ಹೊಸದು ಬೇಡ ಅಂದೆ. ಹೊಸ ಗಾಡಿಗೆ ಮೊದಲ ಗೀರು ಬಿದ್ದ ದಿನ ಮನೆಯಲ್ಲಿ ರಂಪ ಆಗುತ್ತೆ. ಆಮೇಲೆ ಹುಡುಗಿ ಗಾಡಿ ತೆಗೆಯಲೇ ಹೆದರುತ್ತಾಳೆ. 2019ರ ನಂತರದ ಸೆಕೆಂಡ್ ಹ್ಯಾಂಡ್ ಸ್ಪ್ಲೆಂಡರ್ ಹುಡುಕಿದೆವು. ನೋಡಲು ಹೋಗುವ ಮುಂಚೆ ಮಾರುವವರಿಗೆ ಫೋನ್ ಮಾಡಿ 'ನಾವು ಬರೋವರೆಗೆ ಸ್ಟಾರ್ಟ್ ಮಾಡಬೇಡಿ' ಅಂತ ಹೇಳಿ. ಹೋದ ಕೂಡಲೇ ಎಂಜಿನ್ ಮೇಲೆ ಕೈ ಇಡಿ. ಬಿಸಿ ಇದ್ದರೆ ಏನೋ ಮುಚ್ಚಿಡುತ್ತಿದ್ದಾರೆ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆದಾಗ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಟೂ ಸ್ಟ್ರೋಕಿಗೆ ಹೊಗೆ ಮಾಮೂಲು, ಫೋರ್ ಸ್ಟ್ರೋಕಿಗೆ ಅಲ್ಲ. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ತಿರುಗಿಸಿ ನೋಡಿ, ಆ 'ಟಕ್' ಇದೆಯಾ ಅಂತ. ಈ ಪರೀಕ್ಷೆಯನ್ನು ಹುಡುಗಿಯೇ ಮಾಡಿದಳು. ಒಂದು ಗಾಡಿಯನ್ನು "ಮಾಮ, ಬಾಲ್ ರೇಸರ್ ಹೋಗಿದೆ" ಅಂತ ಹೇಳಿ ವಾಪಸ್ ಬಂದಳು. ಮಾರುವವನ ಮುಖ ನೋಡಬೇಕಿತ್ತು.

ಆರ್‌ಸಿಯಲ್ಲಿ ಸಾಲ ಇದೆ ಅಂತಿದ್ದರೆ ಬ್ಯಾಂಕಿನ ಎನ್‌ಒಸಿ ಇಲ್ಲದೆ ಮುಂಗಡ ಕೊಡಬೇಡಿ. ಟ್ರಾಫಿಕ್ ದಂಡ ಬಾಕಿ ಇದೆಯಾ ಅಂತ ಗಾಡಿ ನಂಬರ್ ಹಾಕಿ ಆನ್‌ಲೈನ್‌ನಲ್ಲೇ ನೋಡಬಹುದು. ಗಾಡಿಯ ಬೆಲೆಯಲ್ಲಿ ಅದನ್ನು ಮುರಿದುಕೊಳ್ಳಿ. 2023ರ ಫೆಬ್ರವರಿಯಲ್ಲಿ ಅರ್ಧ ರಿಯಾಯಿತಿ ಕೊಟ್ಟಾಗ ಜನ ಕ್ಯೂ ನಿಂತು ಕಟ್ಟಿದ್ದು ನೆನಪಿದೆ ಅಲ್ವಾ? ಅಷ್ಟಿರುತ್ತೆ ಒಬ್ಬೊಬ್ಬರ ಬಾಕಿ.

ಕಲಿತದ್ದು ಭಾನುವಾರ ಬೆಳಗ್ಗೆ, ನಾಡಪ್ರಭು ಕೆಂಪೇಗೌಡ ಬಡಾವಣೆಯ ಖಾಲಿ ರಸ್ತೆಗಳಲ್ಲಿ. ಮೊದಲು ಆಕ್ಸಿಲರೇಟರ್ ಮುಟ್ಟದೆ, ಬರೀ ಕ್ಲಚ್ ಬಿಡುತ್ತಾ ನಡಿಗೆಯ ವೇಗದಲ್ಲಿ ಹೋಗಿ ನಿಲ್ಲುವುದು. ಇದು ಕೈಗೆ ಹತ್ತಿದರೆ ಗೇರ್ ತಾನಾಗಿ ಬರುತ್ತೆ. ಆಮೇಲೆ ಮುಂದಿನ ಬ್ರೇಕು: ಗಬಕ್ಕನೆ ಅಲ್ಲ, ಹಿಂಡಿ ಹಿಡಿಯುವುದು. ನಮ್ಮಲ್ಲಿ 'ಮುಂದಿನ ಬ್ರೇಕ್ ಹಿಡಿಬೇಡ, ಬೀಳ್ತೀಯ' ಅಂತಲೇ ಹೇಳಿಕೊಡುತ್ತಾರೆ. ಗಾಡಿ ನಿಲ್ಲಿಸುವ ಬಹುಪಾಲು ಬಲ ಇರುವುದೇ ಅಲ್ಲಿ. ಎಲ್‌ಎಲ್ ಆಗಿ 30 ದಿನ ಕಳೆದರೆ ಡಿಎಲ್ ಟೆಸ್ಟ್‌ಗೆ ಹೋಗಬಹುದು. ಎಲ್‌ಎಲ್ ಆರು ತಿಂಗಳು ನಡೆಯುತ್ತೆ, ಹಾಗಾಗಿ ಅವಸರ ಮಾಡಲಿಲ್ಲ.

ಆರ್‌ಎಕ್ಸ್‌ನ ಕಾಗದಪತ್ರ ಇನ್ನೂ ನಡೆಯುತ್ತಿದೆ. 15 ವರ್ಷದ ನಂತರ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಬೇಕು, ಗಾಡಿಯನ್ನು ಆರ್‌ಟಿಒಗೆ ಒಯ್ದು ತೋರಿಸಬೇಕು. 20 ವರ್ಷ ದಾಟಿದ ಬೈಕಿಗೆ 2025ರ ಆಗಸ್ಟ್‌ನಿಂದ ನವೀಕರಣ ಶುಲ್ಕ 2000 ರೂಪಾಯಿ. ತಡ ಮಾಡಿದರೆ ತಿಂಗಳಿಗೆ 300 ರೂಪಾಯಿ ಸೇರುತ್ತೆ, ಹಸಿರು ತೆರಿಗೆ ಬೇರೆ. ಮೆಟ್ಟಿಲ ಕೆಳಗೆ ಗಾಡಿ ಇಟ್ಟುಕೊಂಡು ಕೂತವರು ಮೊದಲು ಈ ಲೆಕ್ಕ ಹಾಕಿ, ಆಮೇಲೆ ಸ್ಪ್ಯಾನರ್ ಎತ್ತಿಕೊಳ್ಳಿ. ಹೊಗೆ ತಪಾಸಣೆಯಲ್ಲಿ ಪಾಸಾಯಿತು. 2000ದ ಮಾರ್ಚ್‌ವರೆಗೆ ತಯಾರಾದ ಗಾಡಿಗಳಿಗೆ ಕಾರ್ಬನ್ ಮೊನಾಕ್ಸೈಡ್ ಶೇ. 4.5, ಹೈಡ್ರೋಕಾರ್ಬನ್ 9000 ಪಿಪಿಎಂವರೆಗೆ ಅವಕಾಶ ಇದೆ. ಜೆಟ್, ಸೀಲ್ ಸರಿ ಇದ್ದರೆ ಟೂ ಸ್ಟ್ರೋಕಿಗೂ ಇದು ಕಷ್ಟ ಅಲ್ಲ. ಇನ್ಶೂರೆನ್ಸ್ ಥರ್ಡ್ ಪಾರ್ಟಿ ಮಾತ್ರ ಮಾಡಿಸಿದೆ. ಸ್ಪೀಡೋಮೀಟರ್ ಕೇಬಲ್ ಒರಿಜಿನಲ್ ಸಿಕ್ಕಿಲ್ಲ. ಹಾಕಿದ ಡೂಪ್ಲಿಕೇಟಿನಲ್ಲಿ 40ರ ಮೇಲೆ ಮುಳ್ಳು ಕುಣಿಯುತ್ತೆ. ಜೆ.ಸಿ. ರಸ್ತೆಯ ಎರಡು ಅಂಗಡಿಯಲ್ಲಿ ಹೇಳಿಟ್ಟು ಬಂದಿದ್ದೇನೆ.